ನರಪೇತಲನ ತಟ್ಟೆಯ ಲೆಕ್ಕ

ಹದಿನಾರನೇ ವಯಸ್ಸಿನಲ್ಲಿ ನನ್ನ ಎತ್ತರ 174 ಸೆಂ.ಮೀ., ತೂಕ 54 ಕೆ.ಜಿ. ಬೆಳಿಗ್ಗೆ 400 ಮೀಟರ್ ಓಟದ ಪ್ರಾಕ್ಟೀಸ್, ವಾರಕ್ಕೆ ಮೂರು ಸಂಜೆ ಫುಟ್‌ಬಾಲ್. ಟ್ರ್ಯಾಕಿನಲ್ಲಿ ಸಣ್ಣಗಿರುವುದು ಅಷ್ಟು ಕಾಡುತ್ತಿರಲಿಲ್ಲ. ಫುಟ್‌ಬಾಲಿನಲ್ಲಿ ಮಾತ್ರ ಎದುರಿನವನು ಒಮ್ಮೆ ಭುಜ ಕೊಟ್ಟರೆ ಸಾಕು, ಚೆಂಡು ಒಂದು ಕಡೆ, ನಾನು ಒಂದು ಕಡೆ. ತಂಡದಲ್ಲಿ ನನಗೆ ಬಿದ್ದ ಹೆಸರು ನರಪೇತಲ.

ಯಾರು ಕೇಳಿದರೂ ನನ್ನದು ಒಂದೇ ಉತ್ತರ: "ಎಷ್ಟು ತಿಂದ್ರೂ ಮೈಗೆ ಹತ್ತಲ್ಲ." ಮನೆಯವರೂ ಅದನ್ನೇ ಹೇಳುತ್ತಿದ್ದರು, ನಾನೂ ನಂಬಿದ್ದೆ. ಮುಂದಿನ ಹತ್ತು ತಿಂಗಳಲ್ಲಿ ಏಳೂವರೆ ಕೆ.ಜಿ. ಏರಿದ್ದು ಈ ಮಾತು ಸುಳ್ಳು ಅಂತ ಗೊತ್ತಾದ ಮೇಲೆ.

ಗೊತ್ತಾಗಿದ್ದು ಹೀಗೆ. ಹಳೇ ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ಮೂರು ದಿನ ಬಾಯಿಗೆ ಹೋದದ್ದನ್ನೆಲ್ಲ ಬರೆದಿಟ್ಟೆ. ಅಳೆಯೋದಕ್ಕೆ ಅಡುಗೆಮನೆಯ ತಕ್ಕಡಿ. ಮಧ್ಯಾಹ್ನದ ಊಟ ನಿಜಕ್ಕೂ ಭರ್ಜರಿಯಾಗಿತ್ತು, ಎಲ್ಲರ ಕಣ್ಣಿಗೆ ಬೀಳುತ್ತಿದ್ದದ್ದೂ ಅದೇ. ಆದರೆ ಬೆಳಿಗ್ಗೆ ಪ್ರಾಕ್ಟೀಸಿಗೆ ಮುಂಚೆ ಏನೂ ಇಲ್ಲ, ಮುಗಿಸಿ ಬಂದು ತರಗತಿಗೆ ಓಡುವ ಗಡಿಬಿಡಿಯಲ್ಲಿ ಎರಡು ತುಂಡು ಬ್ರೆಡ್ಡು, ರಾತ್ರಿ ಸುಸ್ತಾಗಿ ಅರ್ಧ ಊಟ. ಕೂಡಿದರೆ ದಿನಕ್ಕೆ ಸರಾಸರಿ 2,200 ಕ್ಯಾಲೊರಿ. ಇನ್ನೊಂದು ಕಡೆ ಖರ್ಚು ನೋಡಿ. ಓಡುವಾಗ ಒಂದು ಕಿಲೋಮೀಟರಿಗೆ, ಮೈತೂಕದ ಪ್ರತಿ ಕೆ.ಜಿ.ಗೆ ಸುಮಾರು 1 ಕ್ಯಾಲೊರಿ ಸುಡುತ್ತದೆ. 54 ಕೆ.ಜಿ. ಹೊತ್ತು ವಾರ್ಮ್‌ಅಪ್ ಸೇರಿ 8 ಕಿಲೋಮೀಟರ್ ಓಡಿದರೆ 430ರಷ್ಟು ಅಲ್ಲೇ ಖಲಾಸ್. ಅದರ ಮೇಲೆ ಫುಟ್‌ಬಾಲು, ಅದರ ಮೇಲೆ ಎತ್ತರ ಬೆಳೆಯುವ ವಯಸ್ಸು. ಆ ವಯಸ್ಸಿನಲ್ಲಿ ಮೊದಲು ಮೂಳೆ ಉದ್ದವಾಗುತ್ತದೆ, ಮೈ ತುಂಬಿಕೊಳ್ಳುವುದು ಆಮೇಲೆ. ನನ್ನ ಮೈಗೆ ಹತ್ತಲಿಕ್ಕೆ ಉಳಿಯುತ್ತಿದ್ದದ್ದೇ ಇಲ್ಲ.

ಇದು ತಿಳಿಯುವ ಮೊದಲು ಎಲ್ಲರೂ ಮಾಡುವ ತಪ್ಪನ್ನೇ ನಾನೂ ಮಾಡಿದ್ದೆ. ಜಿಮ್ಮಿನಲ್ಲಿ ಹಿರಿಯನೊಬ್ಬ ಹೇಳಿದ ಅಂತ ದೊಡ್ಡ ಡಬ್ಬಿಯ ಮಾಸ್ ಗೇನರ್, ಅಂದರೆ ತೂಕ ಏರಿಸುವ ಪುಡಿ, ತಂದೆ. ಎರಡನೇ ದಿನ ಅದನ್ನು ಕುಡಿದು ಮುಕ್ಕಾಲು ಗಂಟೆಗೆ 300 ಮೀಟರಿನ ರಿಪೀಟ್ (ಅದೇ ದೂರವನ್ನು ಮತ್ತೆ ಮತ್ತೆ ಓಡುವುದು) ಓಡಲು ಹೋಗಿ, ಎರಡನೇ ರಿಪೀಟ್ ಮುಗಿಯುವಷ್ಟರಲ್ಲಿ ಬೇಲಿ ಹಿಡಿದು ಬಗ್ಗಿ ನಿಂತಿದ್ದೆ. ಹೊಟ್ಟೆಯಲ್ಲಿದ್ದದ್ದೆಲ್ಲ ಹುಲ್ಲಿಗೆ. ಆಮೇಲೆ ಕೂತು ಡಬ್ಬಿಯ ಹಿಂದಿನ ಸಣ್ಣಕ್ಷರ ಓದಿದೆ: ಬಹುಪಾಲು ಸಕ್ಕರೆಯ ಜಾತಿಯ ಪುಡಿ, ಪ್ರೊಟೀನು ಬರೀ ಹೆಸರಿಗೆ. ಮುಚ್ಚಳ ಹಾಕಿ ಮೇಲಿಟ್ಟೆ. ಇಂಥ ಪುಡಿಗಳಲ್ಲಿ ಲೇಬಲ್ಲಿಗೆ ಬಾರದ ನಿಷೇಧಿತ ಪದಾರ್ಥ ಬೆರೆತಿರುವ ಪ್ರಸಂಗಗಳೂ ಇವೆ. ಡೋಪ್ ಟೆಸ್ಟಿನಲ್ಲಿ ಸಿಕ್ಕರೆ ಹೊಣೆ ಓಡುವವನದ್ದೇ ಹೊರತು ಡಬ್ಬಿ ಮಾರಿದವನದ್ದಲ್ಲ. ಬಲ ಹೆಚ್ಚಲಿ ಅಂತ ಜಿಮ್ಮಿನವರು ತೆಗೆದುಕೊಳ್ಳುವ ಕ್ರಿಯೇಟಿನ್ ಪುಡಿಯನ್ನೂ 18 ತುಂಬುವ ತನಕ ನಾನು ಮುಟ್ಟಲಿಲ್ಲ.

ಮತ್ತೆ ಮಾಡಿದ್ದೇನು? ಊಟದ ತಟ್ಟೆಯನ್ನು ದೊಡ್ಡದು ಮಾಡಲು ಹೋಗಲಿಲ್ಲ. ಆಗಲೇ ಹೊಟ್ಟೆ ಬಿರಿಯುವಷ್ಟಿದ್ದ ಮಧ್ಯಾಹ್ನದ ಊಟಕ್ಕೆ ಇನ್ನೊಂದು ಹಿಡಿ ಸೇರಿಸಿದರೆ ಸಂಜೆ ಮೈದಾನದಲ್ಲಿ ಎಮ್ಮೆಯ ಹಾಗೆ ನಿಲ್ಲಬೇಕಾಗುತ್ತದೆ. ಖಾಲಿ ಬಿಟ್ಟಿದ್ದ ಹೊತ್ತುಗಳನ್ನು ತುಂಬಿದೆ. ಪ್ರಾಕ್ಟೀಸಿಗೆ ಅರ್ಧ ಗಂಟೆ ಮುಂಚೆ ಎರಡು ಬಾಳೆಹಣ್ಣು. ಮುಗಿದ ಮೇಲೆ ಅರ್ಧ ಲೀಟರ್ ಗಟ್ಟಿ ಹಾಲು. ಅದರಲ್ಲೇ 300 ಕ್ಯಾಲೊರಿ, 16 ಗ್ರಾಂ ಪ್ರೊಟೀನು. ಬ್ಯಾಗಿನ ಪಕ್ಕದ ಜೇಬಿನಲ್ಲಿ 50 ಗ್ರಾಂ ಕಡಲೆಕಾಯಿ ಬೀಜ, ಅದು ಇನ್ನೊಂದು 280. ರಾತ್ರಿ ಊಟದ ಜೊತೆ ಎರಡು ಮೊಟ್ಟೆ, 12 ಗ್ರಾಂ ಪ್ರೊಟೀನು. ಹಸಿವಿಲ್ಲದ ದಿನ ಹಾಲು, ಹಣ್ಣು, ಬೀಜ ಮೂರನ್ನೂ ಮಿಕ್ಸಿಗೆ ಹಾಕಿ ಕುಡಿದುಬಿಡುತ್ತಿದ್ದೆ. ಅಗಿಯುವುದಕ್ಕಿಂತ ಕುಡಿಯುವುದು ಎಷ್ಟು ಸಲೀಸು ಅಂದರೆ, ತೂಕ ಇಳಿಸಬೇಕಾದವರಿಗೆ ಜ್ಯೂಸು ಬೇಡ ಅನ್ನುವುದು ಅದೇ ಕಾರಣಕ್ಕೆ. ನನ್ನಂಥವನಿಗೆ ಅದೇ ವರ.

ಪ್ರೊಟೀನಿನ ಗುರಿ ಮೈತೂಕದ ಪ್ರತಿ ಕೆ.ಜಿ.ಗೆ 1.6 ಗ್ರಾಂ, ಅಂದರೆ ಆಗ ನನಗೆ ದಿನಕ್ಕೆ 86 ಗ್ರಾಂ. ನಾಲ್ಕು ಹೊತ್ತಿಗೆ ಹಂಚಿದರೆ ಹೊತ್ತಿಗೆ 20ರ ಮೇಲೆ ಸ್ವಲ್ಪ. ಇದಕ್ಕಿಂತ ಎರಡು ಪಟ್ಟು ತಿನ್ನು ಅನ್ನುವವರು ಪ್ರತಿ ಜಿಮ್ಮಿನಲ್ಲೂ ಒಬ್ಬರಿರುತ್ತಾರೆ. ಕೇಳಿಸಿಕೊಂಡು ಸುಮ್ಮನಾದೆ.

ಇನ್ನು ಜಿಮ್ಮಿನಲ್ಲಿ ಎತ್ತುವ ಕಬ್ಬಿಣದ ವಿಷಯ. "ಈ ವಯಸ್ಸಲ್ಲಿ ಭಾರ ಎತ್ತಿದ್ರೆ ಕುಳ್ಳ ಆಗ್ತೀಯ" ಅಂತ ಅಮ್ಮ ತಿಂಗಳುಗಟ್ಟಲೆ ತಕರಾರು ತೆಗೆದರು. ನಾನು ಕೊಟ್ಟ ಲೆಕ್ಕ ಇದು: ಓಡುವಾಗ ಒಂದೊಂದು ಹೆಜ್ಜೆ ನೆಲಕ್ಕೆ ಬಿದ್ದಾಗಲೂ ಕಾಲಿನ ಮೇಲೆ ಮೈತೂಕದ ಎರಡು ಮೂರು ಪಟ್ಟು ಹೊರೆ ಬೀಳುತ್ತದೆ. ನನಗೆ ಅದು ನೂರು ಕೆ.ಜಿ. ದಾಟುತ್ತದೆ, ದಿನಕ್ಕೆ ಸಾವಿರಾರು ಸಲ. ಅದಕ್ಕೆ ಹೆದರದವರು 20 ಕೆ.ಜಿ.ಯ ಕಬ್ಬಿಣದ ಸರಳಿಗೆ (ಬಾರ್) ಯಾಕೆ ಹೆದರಬೇಕು? ಕಲಿಸುವವರು ಪಕ್ಕದಲ್ಲಿದ್ದು, ಸರಿಯಾದ ಭಂಗಿಯಲ್ಲಿ ಎತ್ತಿದರೆ ಎತ್ತರ ನಿಲ್ಲುವುದಿಲ್ಲ. ಆ ವರ್ಷವೇ ನಾನು ಇನ್ನೂ 2 ಸೆಂ.ಮೀ. ಬೆಳೆದೆ. ಅಮ್ಮ ಬಾಗಿಲ ಚೌಕಟ್ಟಿಗೆ ನನ್ನನ್ನು ಒರಗಿಸಿ ಪೆನ್ಸಿಲ್ ಗೆರೆ ಎಳೆದ ಮೇಲೇ ಆ ಮಾತು ನಿಂತಿದ್ದು.

ಜಿಮ್ ಮೊದಲು ವಾರಕ್ಕೆ ಎರಡು ದಿನ, ಮೂರು ತಿಂಗಳ ನಂತರ ಮೂರು. ಸ್ಕ್ವಾಟ್ (ಭಾರ ಹೊತ್ತು ಕೂತು ಏಳುವುದು), ರೊಮೇನಿಯನ್ ಡೆಡ್‌ಲಿಫ್ಟ್ (ಸೊಂಟದಿಂದ ಬಗ್ಗಿ ಬಾರ್ ಎತ್ತುವುದು), ಬೆಂಚ್ ಪ್ರೆಸ್ (ಮಲಗಿ ಎದೆಯ ಮೇಲಿಂದ ಬಾರ್ ತಳ್ಳುವುದು), ರೋ (ಭಾರವನ್ನು ಹೊಟ್ಟೆಯತ್ತ ಎಳೆಯುವುದು), ಪುಲ್‌ಅಪ್ (ಕಂಬಿಗೆ ಜೋತು ಮೈ ಮೇಲೆತ್ತುವುದು). ಇಷ್ಟೇ. ಒಂದೊಂದಕ್ಕೆ ಮೂರು ಸೆಟ್, ಸೆಟ್ಟಿಗೆ 8ರಿಂದ 10 ರೆಪ್ಸ್ (ಅಂದರೆ ನಡುವೆ ನಿಲ್ಲಿಸದೆ ಅಷ್ಟು ಸಲ), ಇನ್ನೂ ಎರಡು ಆಗುತ್ತಿತ್ತು ಅನ್ನುವಾಗ ನಿಲ್ಲಿಸುವುದು. ಮೂರು ಸೆಟ್ಟಿನಲ್ಲೂ 10 ಬಂದರೆ ಮುಂದಿನ ಸಲ ಎರಡೂವರೆ ಕೆ.ಜಿ. ಜಾಸ್ತಿ. ತೋಳು ದಪ್ಪಗಾಗಲಿ ಅಂತ ಕನ್ನಡಿ ಮುಂದೆ ಮೊಣಕೈ ಮಡಿಸಿ ಭಾರ ಎತ್ತುವ ಕರ್ಲ್ ಮಾಡಿದ್ದೂ ಉಂಟು, ಸುಳ್ಳು ಯಾಕೆ ಹೇಳಲಿ. ಆದರೆ ತೋಳು ತುಂಬಿದ್ದು ಪುಲ್‌ಅಪ್ಪಿನಿಂದ.

ಆ ಪುಲ್‌ಅಪ್ ಶುರುವಿನಲ್ಲಿ ಒಂದೂ ಬರುತ್ತಿರಲಿಲ್ಲ. ಕಂಬಿ ಹಿಡಿದು ಜೋತು ಬಿದ್ದರೆ ಕಾಲು ಒದ್ದಾಡುವುದು, ಮೊಣಕೈ ಮಾತ್ರ ಬಾಗದು. ಜಿಮ್ಮಿನ ಟ್ರೇನರ್ ಒಂದು ಸ್ಟೂಲ್ ತಂದಿಟ್ಟು, "ಹತ್ತೋದು ಬಿಡು, ಇಳಿಯೋದು ಕಲಿ" ಅಂದರು. ಸ್ಟೂಲಿನಿಂದ ಹಾರಿ ಗದ್ದ ಕಂಬಿಯ ಮೇಲೆ ತಂದುಕೊಂಡು, ಐದು ಎಣಿಸುತ್ತ ನಿಧಾನ ಇಳಿಯುವುದು. ಮೊದಲ ದಿನ "ಎರಡು" ಅನ್ನುವಷ್ಟರಲ್ಲಿ ಧೊಪ್ಪನೆ ಬಿದ್ದೆ. ಏಳನೇ ವಾರ ಸ್ಟೂಲ್ ಇಲ್ಲದೆ ಒಂದು ಬಂತು. ಅಂಗೈಯ ಬೆರಳ ಬುಡದಲ್ಲಿ ನಾಲ್ಕು ಗಂಟು ಕಟ್ಟಿದ್ದವು. ಒಂದು ಕಿತ್ತು ಬಂದು ಎರಡು ವಾರ ಪೆನ್ನು ಹಿಡಿಯುವುದೇ ಕಷ್ಟವಾಗಿತ್ತು.

ಅತಿಯಾದ ಧೈರ್ಯವೂ ಒಮ್ಮೆ ಬಂದಿತ್ತು. ಜಿಮ್ಮಿನಲ್ಲಿ ಯಾರೂ ಇಲ್ಲದ ಮಧ್ಯಾಹ್ನ ಬೆಂಚ್ ಮೇಲೆ 45 ಕೆ.ಜಿ. ಹಾಕಿದೆ. ಆರನೇ ರೆಪ್ಪಿಗೆ ಬಾರ್ ಎದೆಯ ಮೇಲೆ ಕೂತಿತು, ಏಳಲಿಲ್ಲ. ಕ್ಲಿಪ್ ಬಿಗಿಯಾಗಿ ಹಾಕಿದ್ದೆ, ಒಂದು ಕಡೆ ವಾಲಿಸಿ ಪ್ಲೇಟ್ ಬೀಳಿಸುವಂತೆಯೂ ಇರಲಿಲ್ಲ. ಎದೆಯಿಂದ ಹೊಟ್ಟೆಗೆ, ಹೊಟ್ಟೆಯಿಂದ ತೊಡೆಗೆ ಲಟ್ಟಣಿಗೆಯ ಹಾಗೆ ಉರುಳಿಸಿಕೊಂಡು ಎದ್ದು ಕೂತೆ. ಒಂದು ವಾರ ಪಕ್ಕೆಯಲ್ಲಿ ನೀಲಿ ಗೆರೆ. ಅಂದಿನಿಂದ ಹಿಂದೆ ಒಬ್ಬರು ನಿಲ್ಲದೆ ನಾನು ಬೆಂಚ್ ಮಾಡಿಲ್ಲ.

ನಿರಾಸೆ ಹುಟ್ಟಿಸುವುದು ಮೊದಲ ಒಂದೂವರೆ ತಿಂಗಳು. ಆರು ವಾರದಲ್ಲಿ ನನ್ನ ಸ್ಕ್ವಾಟ್ ಖಾಲಿ ಬಾರಿನಿಂದ 42.5 ಕೆ.ಜಿ.ಗೆ ಬಂದಿತ್ತು, ಮೈತೂಕ ಮಾತ್ರ 600 ಗ್ರಾಂ ಏರಿತ್ತು. ಕನ್ನಡಿಯಲ್ಲಿ ಅದೇ ನರಪೇತಲ. ಶುರುವಿನಲ್ಲಿ ಬಲಗೊಳ್ಳುವುದು ಹೆಚ್ಚಾಗಿ ನರಗಳ ಕೆಲಸ. ಇರುವ ಸ್ನಾಯುವನ್ನೇ ಒಟ್ಟಿಗೆ ದುಡಿಸುವುದನ್ನು ಮೈ ಕಲಿಯುತ್ತದೆ. ಗಾತ್ರ ಬರುವುದು ನಿಧಾನವಾಗಿ. ಹುಡುಗರು ಬಿಟ್ಟುಹೋಗುವುದೂ ಸರಿಯಾಗಿ ಇದೇ ಹೊತ್ತಿಗೆ.

ತೂಕ ನೋಡುವುದರಲ್ಲೂ ಮೋಸ ಹೋಗಿದ್ದೆ. ಒಂದು ಭಾನುವಾರ 1.4 ಕೆ.ಜಿ. ಏರಿದೆ ಅಂತ ಕುಣಿದಾಡಿದೆ, ಮುಂದಿನ ವಾರ ಅದು ಮಾಯ. ಅನ್ನದಂಥ ಊಟದ ಪಿಷ್ಟವನ್ನು ಮೈ ಗ್ಲೈಕೋಜನ್ ಆಗಿ ಸ್ನಾಯುವಿನಲ್ಲಿ ಕೂಡಿಡುತ್ತದೆ, ಅದರ ಪ್ರತಿ ಗ್ರಾಂ ತನ್ನ ಜೊತೆ ಸುಮಾರು 3 ಗ್ರಾಂ ನೀರು ಹಿಡಿದುಕೊಳ್ಳುತ್ತದೆ. ಶನಿವಾರ ವಿಶ್ರಾಂತಿ, ಹೊಟ್ಟೆ ತುಂಬ ಅನ್ನ ಅಂದರೆ ಭಾನುವಾರ ತಕ್ಕಡಿ ಹಿಗ್ಗುತ್ತದೆ. ಆಮೇಲೆ ವಾರಕ್ಕೆ ಮೂರು ದಿನ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನೋಡಿ ಸರಾಸರಿ ಬರೆದೆ. ಎರಡು ವಾರ ಏರದಿದ್ದರೆ ಒಂದು ಲೋಟ ಹಾಲು ಜಾಸ್ತಿ.

ಓಟದ ಕೋಚ್ ಜೊತೆ ಸ್ವಲ್ಪ ಜಟಾಪಟಿ ಆಯಿತು. ಮೂರನೇ ತಿಂಗಳಲ್ಲಿ ಟೈಮಿಂಗ್ ಅರ್ಧ ಸೆಕೆಂಡ್ ಕೆಟ್ಟಿತು, ಅವರು ಜಿಮ್ಮನ್ನು ಬೈದರು. ಅವರ ಮಾತಲ್ಲಿ ಅರ್ಧ ಸತ್ಯವಿತ್ತು: ಸ್ಕ್ವಾಟ್ ಮಾಡಿದ ಮರುದಿನವೇ ಸ್ಪ್ರಿಂಟ್ ಬರುತ್ತಿತ್ತು. ಕಷ್ಟದ ಓಟ, ಕಾಲಿನ ಕಸರತ್ತು ಎರಡನ್ನೂ ಒಂದೇ ದಿನಕ್ಕೆ ಹಾಕಿದೆ, ಬೆಳಿಗ್ಗೆ ಓಟ, ಸಂಜೆ ಜಿಮ್, ಮರುದಿನ ಹಗುರ. ವಾರದಲ್ಲಿ ಒಂದು ದಿನ ಪೂರ್ತಿ ರಜೆ. ನಿದ್ದೆಯದ್ದೇ ದೊಡ್ಡ ಸಮಸ್ಯೆ. ಹದಿಹರೆಯದವರಿಗೆ 8ರಿಂದ 10 ಗಂಟೆ ಬೇಕು, ಐದಕ್ಕೆ ಏಳುವ ನಾನು ಹನ್ನೊಂದೂವರೆವರೆಗೆ ಫೋನ್ ಉಜ್ಜುತ್ತಿದ್ದೆ. ಫೋನನ್ನು ನಡುಮನೆಯಲ್ಲಿ ಚಾರ್ಜಿಗೆ ಇಟ್ಟು ಒಂಬತ್ತಕ್ಕೆ ಮಲಗಿದ್ದೇ ತಡ, ಟೈಮಿಂಗ್ ತಾನಾಗಿ ಹಳಿಗೆ ಬಂತು. 400 ಮೀಟರಿಗೆ 55.8 ಸೆಕೆಂಡ್ ಇದ್ದದ್ದು ವರ್ಷದ ಕೊನೆಗೆ 54.3.

ಹತ್ತನೇ ತಿಂಗಳಿಗೆ 61.5 ಕೆ.ಜಿ. ಅದೆಲ್ಲ ಸ್ನಾಯುವೇ ಅನ್ನಲಾರೆ, ಎತ್ತರವೂ ವಯಸ್ಸೂ ತಮ್ಮ ಪಾಲು ಹಾಕಿವೆ. ಹಳೇ ಪ್ಯಾಂಟುಗಳು ಸೊಂಟಕ್ಕೆ ಸರಿ, ತೊಡೆಗೆ ಬಿಗಿ.

ಅಷ್ಟರಲ್ಲಿ ಸ್ಪರ್ಧೆಗಳ ಸೀಸನ್ ಶುರುವಾಯಿತು. ಮೂರು ವಾರದಲ್ಲಿ 60ಕ್ಕೆ ಇಳಿದೆ. ಪ್ರಾಕ್ಟೀಸ್ ಕಡಿಮೆ, ಆದರೂ ಇಳಿದದ್ದು ಹೇಗೆ ಅಂತ ತಲೆ ಕೆಡಿಸಿಕೊಂಡು ಮತ್ತೆ ಅದೇ ನೋಟ್‌ಬುಕ್ ತೆಗೆದು ಮೂರು ದಿನ ಬರೆದೆ. ಸ್ಪರ್ಧೆಯ ಶನಿವಾರದ ಪುಟದಲ್ಲಿ ಸಂಜೆ ಐದರವರೆಗೆ ಇದ್ದದ್ದು ಒಂದೇ ಸಾಲು: ನೀರು, ಎರಡು ಬಿಸ್ಕತ್ತು. ಹೆದರಿಕೆಗೆ ಹಸಿವೇ ಆಗಿರಲಿಲ್ಲ. ಮುಂದಿನ ಶನಿವಾರ ಸ್ಪೈಕ್ಸಿನ ಚೀಲದಲ್ಲಿ ನಾಲ್ಕು ಬಾಳೆಹಣ್ಣು ಇಟ್ಟುಕೊಂಡು ಹೋದೆ. ಒಂದು ಶೂ ಕೆಳಗೆ ಸಿಕ್ಕಿ ಜಜ್ಜಿಹೋಯಿತು, ಮೂರು ತಿಂದೆ.