ಅಪಾಚೆ ಏಳದಿದ್ದರೆ ಮೊದಲು ಪಿಎಚ್‌ಪಿ ಮಾಡ್ಯೂಲ್ ನೋಡಿ

ಗೆಳೆಯರೇ, ನಿನ್ನೆ ರಾತ್ರಿ ಜಯನಗರದ ನಮ್ಮ ಪುಟ್ಟ ಆಫೀಸಿನ ಸರ್ವರಿನ ಆಪರೇಟಿಂಗ್ ಸಿಸ್ಟಮ್ ಉಬುಂಟುವನ್ನು 20.04ರಿಂದ 22.04ಕ್ಕೆ ಏರಿಸಿದೆವು. ಆಮೇಲೆ ವೆಬ್‌ಸೈಟ್‌ಗಳನ್ನು ಒದಗಿಸುವ ಅಪಾಚೆ ಎಂಬ ವೆಬ್ ಸರ್ವರ್ ಶುರುವಾಗಲೇ ಇಲ್ಲ. ಇಂಥ ಹೊತ್ತಲ್ಲಿ ದಯವಿಟ್ಟು ಎಲ್ಲ ಅಳಿಸಿ ಮತ್ತೆ ಇನ್‌ಸ್ಟಾಲ್ ಮಾಡಲು ಹೋಗಬೇಡಿ, ಕೈಯಾರೆ ಬರೆದ ಸೆಟ್ಟಿಂಗ್‌ಗಳು ಹೋದರೆ ಕಷ್ಟ.

ಮೊದಲು ಅಪಾಚೆಯ ಸೆಟ್ಟಿಂಗ್‌ಗಳನ್ನು ಪರೀಕ್ಷಿಸುವ ಕಾನ್ಫಿಗ್‌ಟೆಸ್ಟ್ (configtest) ಕಮಾಂಡ್ ಓಡಿಸಿ. ಯಾವ ಫೈಲಿನ ಎಷ್ಟನೇ ಸಾಲಲ್ಲಿ ತೊಡಕಿದೆ ಅಂತ ಅದೇ ಹೇಳುತ್ತದೆ. ನಮ್ಮಲ್ಲಿ ಪಿಎಚ್‌ಪಿ (ವೆಬ್‌ಸೈಟ್ ಬರೆಯುವ ಪ್ರೋಗ್ರಾಮಿಂಗ್ ಭಾಷೆ) 7.4ರ ಮಾಡ್ಯೂಲ್, ಅಂದರೆ ಅದನ್ನು ಅಪಾಚೆಗೆ ಜೋಡಿಸುವ ಫೈಲ್, ಸಿಗುತ್ತಿಲ್ಲ ಅಂತ ಬಂತು. ಉಬುಂಟು 22.04ರಲ್ಲಿ ಬರುವುದು ಪಿಎಚ್‌ಪಿ 8.1. ಹಳೆಯ ಫೈಲ್ ಹೋಗಿದ್ದರೂ ಅದನ್ನು ಕರೆಯುವ ಸಾಲು ಉಳಿದಿತ್ತು, ಅಷ್ಟೇ. ಅಪಾಚೆಗೆ ಬೇಕಾದ 8.1ರ ಮಾಡ್ಯೂಲ್ ಪ್ಯಾಕೇಜ್ ಇದೆಯೇ ಎಂದು ನೋಡಿಕೊಂಡು, ಮಾಡ್ಯೂಲ್ ನಿಲ್ಲಿಸುವ ಎ2ಡಿಸ್‌ಮಾಡ್ (a2dismod) ಕಮಾಂಡ್‌ನಿಂದ 7.4 ತೆಗೆದು, ಮಾಡ್ಯೂಲ್ ಚಾಲೂ ಮಾಡುವ ಎ2ಎನ್‌ಮಾಡ್‌ನಿಂದ (a2enmod) 8.1 ಹಾಕಿ ರೀಸ್ಟಾರ್ಟ್ ಮಾಡಿದೆ. ಎದ್ದಿತು!

ಥ್ರೆಡೆಡ್ ಎಂಪಿಎಂ (ಒಟ್ಟಿಗೆ ಬರುವ ಕೋರಿಕೆಗಳನ್ನು ಅಪಾಚೆಯಲ್ಲಿ ನಿಭಾಯಿಸುವ ಮಾಡ್ಯೂಲ್) ಅಂತ ಎರರ್ ಬಂದರೆ ಈವೆಂಟ್ ಎಂಬ ಎಂಪಿಎಂ ತೆಗೆದು ಪ್ರೀಫೋರ್ಕ್ ಎಂಬುದನ್ನು ಹಾಕಿ. ಪಿಎಚ್‌ಪಿಯನ್ನು ಅಪಾಚೆಯ ಹೊರಗೆ ಬೇರೆಯಾಗಿ ಓಡಿಸುವ ಪಿಎಚ್‌ಪಿ-ಎಫ್‌ಪಿಎಂಗೆ ಬದಲಾಯಿಸುವುದು ಇನ್ನೂ ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ಇನ್ನೊಂದು ಮಾತು, ಇದು ಎರರ್ ತೋರಿಸದೆ ಕಾಡುವಂಥದ್ದು. ಪಿಎಚ್‌ಪಿ 8ರಿಂದ ಮಾಡ್ಯೂಲಿನ ಹೆಸರಲ್ಲಿ 7 ಎಂಬ ಅಂಕಿ ಇಲ್ಲ. ಎಚ್‌ಟಿಆಕ್ಸೆಸ್ (.htaccess) ಎಂಬ ಸೆಟ್ಟಿಂಗ್ ಫೈಲಿನಲ್ಲಿ ಹಳೆಯ ಹೆಸರಿನ ಇಫ್‌ಮಾಡ್ಯೂಲ್ (ಆ ಮಾಡ್ಯೂಲ್ ಇದ್ದರೆ ಮಾತ್ರ ಅನ್ವಯಿಸುವ ಭಾಗ) ಒಳಗೆ ಅಪ್‌ಲೋಡ್ ಮಿತಿ ಬರೆದಿದ್ದರೆ ಅಪಾಚೆ ಅದನ್ನು ಓದುವುದೇ ಇಲ್ಲ. ಅದನ್ನೂ ತಿದ್ದಿಬಿಡಿ.