ಅಭ್ಯಾಸ ಬೋಧನೆಗೆ ಸಿದ್ಧರಾಗುವ ಬಗೆ

ಇಂಗ್ಲಿಷನ್ನು ಎರಡನೆಯ ಭಾಷೆಯಾಗಿ ಕಲಿಸಲು ತರಬೇತಿ ನೀಡುವ ಕೇಂಬ್ರಿಜ್‌ನ ಸೆಲ್ಟಾ ಕೋರ್ಸಿನಲ್ಲಿ ಕನಿಷ್ಠ 120 ಗಂಟೆಗಳ ಕಲಿಕೆಯಿದ್ದರೂ, ಮೌಲ್ಯಮಾಪನಕ್ಕೆ ಒಳಪಡುವ ಬೋಧನೆ 6 ಗಂಟೆಗಳದು ಮಾತ್ರ. ಆದ್ದರಿಂದ ಪಾಠ ಮುಗಿಯುವ ಹೊತ್ತಿಗೆ ಕಲಿಯುವವರು ಏನನ್ನು ಹೇಳಬಲ್ಲವರಾಗಬೇಕು ಎಂಬ ಒಂದೇ ಗುರಿಯನ್ನು ಮೊದಲೇ ಬರೆದಿಡಿ.

‘ಅರ್ಥವಾಯಿತೇ?’ ಎಂದು ಕೇಳುವುದನ್ನು ಬಿಡಿ, ಏಕೆಂದರೆ ಅರ್ಥವಾಗದವರೂ ಸಂಕೋಚದಿಂದ ಹೌದೆನ್ನುತ್ತಾರೆ. ‘ಹೀ ಯೂಸ್ಡ್ ಟು ಸ್ಮೋಕ್’ ಎಂಬ ವಾಕ್ಯವನ್ನು ಕಲಿಸುವಾಗ, ಅವನು ಹಿಂದೆ ಸಿಗರೇಟು ಸೇದಿದ್ದು ಒಮ್ಮೆ ಮಾತ್ರವೇ ಅಥವಾ ಮತ್ತೆ ಮತ್ತೆಯೇ, ಈಗಲೂ ಸೇದುತ್ತಾನೆಯೇ ಎಂದು ಸರಳ ಇಂಗ್ಲಿಷಿನಲ್ಲಿ ಕೇಳಿದರೆ, ಬರುವ ಉತ್ತರಗಳೇ ಅವರ ಗ್ರಹಿಕೆಯನ್ನು ತೋರಿಸುತ್ತವೆ. ಈ ಪ್ರಶ್ನೆಗಳಲ್ಲಿ ಕಲಿಸುತ್ತಿರುವ ವ್ಯಾಕರಣ ರೂಪವನ್ನೇ, ಅಂದರೆ ಇಲ್ಲಿ ‘ಯೂಸ್ಡ್ ಟು’ ಎಂಬುದನ್ನು, ಬಳಸಬಾರದು. ಹೊಸಬರು ಎಡವುವುದು ಹೆಚ್ಚಾಗಿ ಇಲ್ಲಿಯೇ. ಸೂಚನೆಗಳನ್ನು ಚಿಕ್ಕ ವಾಕ್ಯಗಳಲ್ಲಿ ಕೊಟ್ಟು, ಅಭ್ಯಾಸದ ಹಾಳೆಗಳನ್ನು ಆಮೇಲೆ ಹಂಚಿ.