ಪಿಕ್ಸೆಲ್ ಬಿಟ್ಟು ಅಡಿ ಲೆಕ್ಕ ಹಿಡಿದೆ

ನಮ್ಮ ತಂಡದ ನಾಟಕಕ್ಕೆ ಹಿಂದಿನ ಪರದೆ ತುಂಬ ಒಂದೇ ಚಿತ್ರ ಬೇಕಿತ್ತು. 19 ಅಡಿ ಅಗಲದ ಹೊಳೆದಂಡೆ, ಅದರಲ್ಲಿ ತೇಲಿ ಹೋಗುವ ಒಂದು ದೋಣಿ. ನಮ್ಮ ಹತ್ತಿರ ಇದ್ದದ್ದು ಎರಡು ಪ್ರೊಜೆಕ್ಟರ್. ಒಂದು ಫುಲ್ ಎಚ್‌ಡಿ, ಅಂದರೆ 1920×1080 ಪಿಕ್ಸೆಲ್ (ಚಿತ್ರದ ಚುಕ್ಕಿಗಳು). ಇನ್ನೊಂದು ಹಳೇ ಎಕ್ಸ್‌ಜಿಎ, 1024×768. ಒಂದೇ ಥರದ್ದು ಎರಡು ಬಾಡಿಗೆಗೆ ತರೋಣ ಅಂದರೆ ದುಡ್ಡಿರಲಿಲ್ಲ.

ಮೊದಲ ದಿನ ದಡ್ಡತನ ಮಾಡಿದೆ. 1920ಕ್ಕೆ 1024 ಕೂಡಿಸಿ, ನಡುವೆ 200 ಪಿಕ್ಸೆಲ್ ಒಂದರ ಮೇಲೊಂದು ಬರಲಿ ಅಂತ ಬಿಟ್ಟೆ. ಎಡಗಡೆ ಸಣ್ಣಗಿದ್ದ ದೋಣಿ ಬಲಗಡೆಗೆ ಬರುತ್ತಲೇ ಊದಿಕೊಂಡಿತು! ಎರಡರ ಪಿಕ್ಸೆಲ್ಲೂ ಪರದೆ ಮೇಲೆ ಒಂದೇ ಅಳತೆಯಲ್ಲಿ ಬೀಳುವುದಿಲ್ಲ ಅಲ್ವಾ?

ಲ್ಯಾಪ್‌ಟಾಪ್ ಪಕ್ಕಕ್ಕಿಟ್ಟು ಟೇಪು ಹಿಡಿದೆ. ಎರಡೂ ಚಿತ್ರದ ಎತ್ತರ 6 ಅಡಿ 9 ಇಂಚು ಬರುವ ಹಾಗೆ ಪ್ರೊಜೆಕ್ಟರ್‌ಗಳನ್ನು ಹಿಂದೆ ಮುಂದೆ ಸರಿಸಿದೆ. ಆಗ ಎಚ್‌ಡಿಯದು 12 ಅಡಿ ಅಗಲ, ಎಕ್ಸ್‌ಜಿಎಯದು 9 ಅಡಿ. ನಡುವೆ 2 ಅಡಿ ಬೆಸುಗೆ, ಅಂದರೆ ಎರಡೂ ಚಿತ್ರ ಒಂದರ ಮೇಲೊಂದು ಬೀಳುವ ಜಾಗ. ಎಚ್‌ಡಿಯಲ್ಲಿ ಅಡಿಗೆ 160 ಪಿಕ್ಸೆಲ್. ಇಡೀ ಚಿತ್ರವನ್ನು ಅದೇ ಲೆಕ್ಕದಲ್ಲಿ 3040×1080 ಮಾಡಿದೆ. ಎಡಗಡೆಯ 1920 ಪಿಕ್ಸೆಲ್ ಹಾಗೇ ಎಚ್‌ಡಿಗೆ. 1600ರಿಂದ 3040ರವರೆಗಿನ ತುಂಡನ್ನು ರೆಸೊಲ್ಯೂಮ್ ಅರೀನಾ ಅನ್ನುವ ಸಾಫ್ಟ್‌ವೇರಿನಲ್ಲಿ ಕುಗ್ಗಿಸಿ ಎಕ್ಸ್‌ಜಿಎಗೆ. ಬೆಸುಗೆಯ ಜಾಗ ಒಂದರಲ್ಲಿ 320 ಪಿಕ್ಸೆಲ್, ಇನ್ನೊಂದರಲ್ಲಿ ಸುಮಾರು 228. ಪರದೆಗೆ ಮಾತ್ರ ಎರಡೂ 2 ಅಡಿಯೇ.

ಓರೆಯಾದ ಚಿತ್ರವನ್ನು ಪ್ರೊಜೆಕ್ಟರೇ ನೆಟ್ಟಗೆ ಮಾಡುವ ಕೀಸ್ಟೋನ್ ಎರಡರಲ್ಲೂ ಆಫ್. ಅದಿದ್ದರೆ ಗೆರೆಗಳು ಮಸುಕಾಗುತ್ತವೆ. ಬದಲಿಗೆ ಪ್ರೊಜೆಕ್ಟರ್ ಕೆಳಗೆ ರಟ್ಟಿನ ಚೂರು ಕೊಟ್ಟು ಮಟ್ಟ ಮಾಡಿದೆ. ಒಂದರಿಂದ ಕೆಂಪು ಚೌಕುಳಿ, ಇನ್ನೊಂದರಿಂದ ಹಸಿರು ಚೌಕುಳಿ ಬಿಟ್ಟೆ. ಗೆರೆ ಮೇಲೆ ಗೆರೆ ಕೂತಲ್ಲೆಲ್ಲ ಹಳದಿ. ಇದಕ್ಕೇ ಎರಡು ಗಂಟೆ ಹೋಯಿತು.

ಆಮೇಲೆ ಬೆಳಕು. ಎರಡರ ಮೇಲೂ 3000 ಲ್ಯೂಮೆನ್ ಅಂತ ಬರೆದಿತ್ತು. ಆದರೆ ಎಕ್ಸ್‌ಜಿಎ ಬೆಳಕು ಕಡಿಮೆ ಜಾಗಕ್ಕೆ ಬೀಳುವುದರಿಂದ ಬಲಗಡೆಯೇ ಜಾಸ್ತಿ ಬೆಳಗುತ್ತಿತ್ತು. ಅದನ್ನು ಸುಮಾರು ಮುಕ್ಕಾಲಿಗೆ ಇಳಿಸಿದೆ. ಬೆಸುಗೆಯ ನಡುವೆ ಇಬ್ಬರೂ ಅರ್ಧರ್ಧ ಬೆಳಕು ಕೊಡಬೇಕು. ಕಂಪ್ಯೂಟರಿನಲ್ಲಿ ಬೆಳಕಿನ ಅಂಕಿ 0ಯಿಂದ 255ರವರೆಗೆ. ಅರ್ಧ ಅಂತ ಸುಮ್ನೆ 127 ಇಟ್ಟರೆ ಮಧ್ಯೆ ಕಪ್ಪು ಪಟ್ಟಿ ಬೀಳುತ್ತದೆ. ಆ ಅಂಕಿಗೆ ಎಷ್ಟು ಬೆಳಕು ಅನ್ನುವುದನ್ನು ತೀರ್ಮಾನಿಸುವುದು ಗಾಮಾ. ಅದು 2.2 ಇರುವಾಗ 127ಕ್ಕೆ ಬರುವುದು ನೂರಕ್ಕೆ 22ರಷ್ಟೇ ಬೆಳಕು. ಅರ್ಧ ಬೆಳಕಿಗೆ 186 ಬೇಕು. ಗಾಮಾ ಸರಿ ಕೊಟ್ಟ ಮೇಲೆ ಪಟ್ಟಿ ಮಾಯ.

ಚಿತ್ರದ ಸ್ಪಷ್ಟತೆಯ ವ್ಯತ್ಯಾಸ ಮಾತ್ರ ಉಳಿಯಿತು. ಎಚ್‌ಡಿ ಕಡೆಯ ಹುಲ್ಲಿನ ಎಸಳು ಎಕ್ಸ್‌ಜಿಎ ಕಡೆ ಕಾಣುವುದಿಲ್ಲ. ಬೆಸುಗೆಯೊಳಗೆ ಎಚ್‌ಡಿ ಚಿತ್ರವನ್ನೇ ಬಲಕ್ಕೆ ಹೋದಂತೆ ಸ್ವಲ್ಪ ಸ್ವಲ್ಪ ಮಸುಕು ಮಾಡಿದೆ. ಮೂರನೇ ಸಾಲಿನಿಂದ ನೋಡಿದರೆ ಗೊತ್ತೇ ಆಗಲಿಲ್ಲ.

ಸೋತದ್ದು ರಾತ್ರಿ ದೃಶ್ಯದಲ್ಲಿ. ಪ್ರೊಜೆಕ್ಟರಿನ ಕಪ್ಪು ಪೂರ್ತಿ ಕಪ್ಪಲ್ಲ. ಎರಡರ ಸೋರುಬೆಳಕೂ ಸೇರಿ ಬೆಸುಗೆ ಬೂದು ಕಂಬದಂತೆ ನಿಂತಿತು. ಉಳಿದ ಕಡೆಯ ಕಪ್ಪನ್ನು ಅಷ್ಟೇ ಮೇಲೆತ್ತಿ ಸಮ ಮಾಡಬಹುದಿತ್ತು, ಮಾಡಿಯೂ ನೋಡಿದೆ. ಕತ್ತಲ ಹೊಳೆ ಬೂದಿ ನೀರಾಯಿತು. ಕೊನೆಗೆ ನಿರ್ದೇಶಕರೇ ಆ ದೃಶ್ಯಕ್ಕೆ ಪ್ಲೈವುಡ್ಡಿನ ಮರವೊಂದನ್ನು ಕಪ್ಪು ಬಳಿಸಿ ಅಲ್ಲಿ ನಿಲ್ಲಿಸಿದರು. ಕಾಂಡದ ಅಗಲ ಸರಿಯಾಗಿ 2 ಅಡಿ. ಎರಡನೇ ಶೋ ಹೊತ್ತಿಗೆ ನಾಯಕಿ ಅದಕ್ಕೆ ಒರಗಿಕೊಂಡೇ ಮಾತು ಹೇಳುತ್ತಿದ್ದರು.